ನಿಗದಿಯಾದ ದರ, ಮಾತಾದ ದರ



ದತ್ತಿ ಉಪನ್ಯಾಸಕ್ಕೆ ಇಂಥದೇ ವಿಷಯ ಆಗಬೇಕೆಂದಿಲ್ಲ ಎಂದು ಸಂಘಟಕರು ಹೇಳಿದಾಗ ನನ್ನ ಮನಸ್ಸು ನೆಟ್ಟಗೆ ಹೋದದ್ದು ಕಿರಾಣಿ ಅಂಗಡಿಗೆ. ಅಕ್ಕಿ, ಬೇಳೆ, ಎಣ್ಣೆ, ಉಳ್ಳಾಗಡ್ಡಿಯ ದರವನ್ನು ಗೊತ್ತುಮಾಡುವವರು ಯಾರು, ಸರ್ಕಾರ ಅದರಲ್ಲಿ ಎಲ್ಲಿ ಕೈಹಾಕಬೇಕು, ಎಲ್ಲಿ ಕೈಬಿಡಬೇಕು ಎಂಬುದನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ನಿಂತು ನೋಡಬೇಕೆಂದಿದ್ದೇನೆ.

ನನ್ನ ಬಳಿ ನನ್ನ ಅವ್ವನ ಉದ್ರಿ ಪುಸ್ತಕ ಇದೆ. ಅಂಗೈಯಗಲದ್ದು, ಕೆಂಪು ಬಟ್ಟೆಯ ಹೊದಿಕೆ, ಒಳಗೆ ಪೆನ್ಸಿಲಿನ ಬರಹ. ಅಪ್ಪ ದಾಂಡೇಲಿಯಲ್ಲಿ ಪಗಾರಕ್ಕೆ ದುಡಿಯುತ್ತಿದ್ದ. ಪಗಾರ ಆದ ದಿನ ಅಂಗಡಿಯ ಬಾಕಿ ತೀರುತ್ತಿತ್ತು, ಅದೇ ಸಂಜೆ ಮುಂದಿನ ತಿಂಗಳ ಉದ್ರಿ ಶುರುವಾಗುತ್ತಿತ್ತು. ಪುಟಗಳು 1973 ಮತ್ತು 1974ರವು. 1972ರ ಬರ ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕವನ್ನೂ ಹಿಂಡಿಹಾಕಿದ ಕಾಲ ಅದು. ಜೋಳ ತುಟ್ಟಿಯಾದದ್ದು ನಮಗೆ ಗೊತ್ತಾಗುತ್ತಿದ್ದುದು ತಾಟಿಗೆ ಬೀಳುವ ರೊಟ್ಟಿಯ ಲೆಕ್ಕದಲ್ಲಿ. ಅವ್ವನಿಗೆ ಓದು ಅಷ್ಟಕ್ಕಷ್ಟೆ, ಅಂಕಿ ಮಾತ್ರ ಪಕ್ಕಾ. ಒಂದು ದಿನ ಆಕೆ ನಮ್ಮ ಓಣಿಯ ಮೂರೂ ಅಂಗಡಿಗಳಲ್ಲಿ ತೊಗರಿಬೇಳೆಯ ದರ ವಿಚಾರಿಸಿದಳು. ಮೂರರಲ್ಲೂ ಒಂದೇ ದರ, ಒಂದು ಪೈಸೆಯ ಫರಕಿಲ್ಲ. ನಾವು ಉದ್ರಿ ಇಟ್ಟಿದ್ದ ಅಂಗಡಿಯ ಸಾವಕಾರರನ್ನು ಕೇಳಿಯೇಬಿಟ್ಟಳು. ಅವರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು: “ನಮ್ಮ ನಮ್ಮೊಳಗ ಮಾತಾಗೇತ್ರೀ ಅಕ್ಕಾರ. ನಾ ಒಬ್ಬಾಂವ ಇಳಿಸಿದ್ರ ಉಳಿದವ್ರು ನನ್ನ ಬಿಡ್ತಾರೇನು?”

ಅವ್ವ ಮರುಮಾತಾಡದೆ ಬೇಳೆ ಕಟ್ಟಿಸಿಕೊಂಡಳು. ಸಂತೆಯಲ್ಲಿ ಅದೇ ಬೇಳೆ ಸ್ವಲ್ಪ ಸೋವಿ ಇತ್ತು, ಆದರೆ ಸಂತೆಯಲ್ಲಿ ರೊಕ್ಕ ಕೊಡಬೇಕು. ರೊಕ್ಕ ಬರುವುದು ತಿಂಗಳಿಗೊಮ್ಮೆ, ಹಸಿವು ದಿನಾ ಬರುತ್ತದೆ.

‘ಮಾತಾಗೇತಿ’ ಎಂಬ ಆ ಮಾತನ್ನು ನಾನು ಐವತ್ತು ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮ ಭಾಷೆಯಲ್ಲಿ ‘ದರ ನಿಗದಿ’ ಎಂದರೆ ಎರಡು ಅರ್ಥ. ಸರ್ಕಾರ ಆದೇಶ ಹೊರಡಿಸಿ ಇಷ್ಟೇ ದರಕ್ಕೆ ಮಾರಬೇಕು ಎಂದರೂ ನಿಗದಿ, ನಾಲ್ಕು ವ್ಯಾಪಾರಿಗಳು ಚಹಾ ಕುಡಿಯುತ್ತ ಇಷ್ಟಕ್ಕಿಂತ ಕೆಳಗೆ ಇಳಿಯುವುದು ಬೇಡ ಎಂದರೂ ನಿಗದಿಯೇ. ಹೆಸರು ಒಂದೇ ಆದ್ದರಿಂದ ಒಂದಕ್ಕೆ ಕೊಡಬೇಕಾದ ಮದ್ದನ್ನು ಇನ್ನೊಂದಕ್ಕೆ ಕೊಟ್ಟಿದ್ದೇವೆ. ಬೆಲೆ ಏರಿತೆಂದು ಜನ ಕೂಗಿದಾಗ ಸರ್ಕಾರ ತಾನೇ ದರ ಕಟ್ಟಲು ಹೊರಡುತ್ತದೆ. ವ್ಯಾಪಾರಿಗಳ ನಡುವೆ ಆದ ಮಾತು ಹಾಗೇ ಉಳಿಯುತ್ತದೆ.

ಸರ್ಕಾರ ಕಟ್ಟಿದ ದರದ ಕಥೆ ಎರಡನೆಯ ಮಹಾಯುದ್ಧದಿಂದ ಆರಂಭವಾಗುತ್ತದೆ. ಆಗ ನಮ್ಮ ತಾಲೂಕುಗಳು ಮೈಸೂರಿನವಲ್ಲ. ಉತ್ತರ ಕನ್ನಡ 1862ರಿಂದಲೂ ಮುಂಬಯಿಗೆ ಸೇರಿತ್ತು, 1956ರ ನವೆಂಬರ್ 1ರವರೆಗೆ ಅಲ್ಲಿಯೇ ಇತ್ತು. ಬಂಗಾಳ ಹಸಿವಿನಿಂದ ಸಾಯುತ್ತಿದ್ದ 1943ರಲ್ಲಿ ಮುಂಬಯಿ ನಗರಕ್ಕೆ ರೇಷನ್ ಬಂತು. ಯುದ್ಧ ಮುಗಿದ ಮೇಲೆ 1946ರಲ್ಲಿ ಅಗತ್ಯ ಪೂರೈಕೆಗಳ ತಾತ್ಕಾಲಿಕ ಅಧಿಕಾರ ಕಾಯ್ದೆ ಬಂತು. ಕಂಟ್ರೋಲು ಕಾಳಸಂತೆಯನ್ನು ಹುಟ್ಟಿಸುತ್ತದೆ, ತೆಗೆದುಹಾಕಿ ಎಂದು ಗಾಂಧೀಜಿ ಪಟ್ಟುಹಿಡಿದರು, 1947ರ ಕೊನೆಗೆ ಕಂಟ್ರೋಲು ಸಡಿಲವಾಯಿತು. ದರ ಜಿಗಿಯಿತು, 1948ರಲ್ಲಿ ಮತ್ತೆ ಬಿಗಿಯಾಯಿತು. ‘ತಾತ್ಕಾಲಿಕ’ ಎಂಬ ಪದ 1955ರ ಅಗತ್ಯ ವಸ್ತುಗಳ ಕಾಯ್ದೆಯಲ್ಲಿ ಕಳಚಿಬಿತ್ತು. ಅದರ ಮೂರನೆಯ ಕಲಮು ಇಂದಿಗೂ ಸರ್ಕಾರಕ್ಕೆ ದರ ಕಟ್ಟುವ, ದಾಸ್ತಾನಿಗೆ ಮಿತಿ ಹಾಕುವ, ಸಾಗಾಟ ತಡೆಯುವ ಅಧಿಕಾರ ಕೊಡುತ್ತದೆ.

ಅವ್ವನ ಪುಸ್ತಕದ ಕಾಲಕ್ಕೆ, 1973ರಲ್ಲಿ, ಕೇಂದ್ರ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನೇ ಕೈಗೆ ತೆಗೆದುಕೊಂಡಿತು. ಗೋಧಿ ಮಂಡಿಗೆ ಬರುವುದು ಕಡಿಮೆಯಾಯಿತು, ದರ ಇಳಿಯಲಿಲ್ಲ, ಒಂದೇ ವರ್ಷದಲ್ಲಿ ಆ ಕ್ರಮ ಕೈಬಿಡಬೇಕಾಯಿತು. ನಮ್ಮ ರಾಜ್ಯದ ಅನುಭವ ಇನ್ನೂ ಹತ್ತಿರದ್ದು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್, ಎಲ್ಲರೂ ಎಂಟಿಆರ್ ಎನ್ನುವುದು, 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ್ದು. ಯುದ್ಧಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಆ ಮನೆಯವರು ಹೇಳುತ್ತಾರೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಹೋಟೆಲ್ ತಿಂಡಿಗೆ ಕಡಿಮೆ ದರ ಕಟ್ಟಿದರು. ಆ ದರಕ್ಕೆ ಆ ತುಪ್ಪ, ಆ ಬೇಳೆ ಹಾಕಲಾಗದು ಎಂದಾದಾಗ ಅವರು ಊಟದ ಮನೆಯನ್ನು ಕೆಲವು ವರ್ಷ ಮುಚ್ಚಿದರು. ಆಗ ಹಿಡಿದ ದಾರಿ ರೆಡಿ ಹಿಟ್ಟು, ಸಾಂಬಾರ್ ಪುಡಿಯ ಪೊಟ್ಟಣಗಳದು. ಇಂದು ಹಳಿಯಾಳದ ಅಂಗಡಿಯಲ್ಲೂ ಸಿಗುವ ಆ ಪೊಟ್ಟಣದ ವ್ಯಾಪಾರವನ್ನು ಬೆಳೆಸಿದ್ದು ಒಂದು ದರದ ಆದೇಶ. ಅವರಿಗೆ ಬಂಡವಾಳವಿತ್ತು, ಹೆಸರಿತ್ತು, ಇನ್ನೊಂದು ದಾರಿ ಸಿಕ್ಕಿತು. ಅದೇ ಕಾಲದಲ್ಲಿ ಎರಡು ಬೆಂಚು, ಒಂದು ಸೀಮೆಎಣ್ಣೆ ಸ್ಟೋವು ಇಟ್ಟುಕೊಂಡು ಚಹಾ, ಬಜಿ ಮಾರುತ್ತಿದ್ದವರಿಗೆ ಇದ್ದ ದಾರಿ ಬಜಿಯನ್ನು ಸಣ್ಣದು ಮಾಡುವುದೊಂದೇ. ಸರ್ಕಾರ ದರ ಕಟ್ಟಬಹುದು, ತಾಟಿನೊಳಗಿನ ಪದಾರ್ಥವನ್ನು ಕಟ್ಟಿಹಾಕಲಾರದು.

ಹಾಗೆಂದು ಸರ್ಕಾರ ದೂರ ನಿಲ್ಲಲಿ ಎನ್ನುವವರ ಪಕ್ಷ ನನ್ನದಲ್ಲ. 2020ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದರು. ತೋಟದ ಬೆಳೆಯ ಚಿಲ್ಲರೆ ದರ ನೂರಕ್ಕೆ ನೂರು, ಕೆಡದ ಧಾನ್ಯದ ದರ ನೂರಕ್ಕೆ ಐವತ್ತು ಏರಿದ ಮೇಲೆಯೇ ದಾಸ್ತಾನಿನ ಮಿತಿ ಹಾಕಬೇಕು ಎಂದಿತ್ತು ಅದರಲ್ಲಿ. ಮೂರು ಕೃಷಿ ಕಾಯ್ದೆಗಳಲ್ಲಿ ಅದೂ ಒಂದು, 2021ರ ನವೆಂಬರಿನಲ್ಲಿ ಹಿಂದಕ್ಕೆ ಹೋಯಿತು. ಹೋದದ್ದು ಒಳ್ಳೆಯದಾಯಿತು. ಬೇಳೆಯ ದರ ಅರ್ಧದಷ್ಟು ಏರುವವರೆಗೆ ಕಾಯಿರಿ ಎಂದು ಸಾರು ತೆಳ್ಳಗೆ ಮಾಡುತ್ತಿರುವ ಮನೆಗೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ದೊಡ್ಡ ಗೋದಾಮಿನಲ್ಲಿ ಚೀಲ ಕೂಡಿಹಾಕುವವನ ಮೇಲೆ ಮಿತಿ ಬೇಕೇ ಬೇಕು. 2023ರ ಜೂನಿನಲ್ಲಿ ತೊಗರಿ, ಉದ್ದಿಗೆ ಹಾಗೂ ಗೋಧಿಗೆ ಅಂಥ ಮಿತಿ ಹಾಕಿದ್ದು ಸರಿಯಾದ ಕೆಲಸ.

ಈಗ ಎಂಆರ್‌ಪಿಯ ವಿಷಯ. ಪೊಟ್ಟಣದ ಮೇಲೆ ಅಚ್ಚಾದ ಆ ದರವನ್ನು ಸರ್ಕಾರವೇ ಕಟ್ಟುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಕಂಪನಿ ತನಗೆ ಬೇಕಾದ ಅಂಕಿಯನ್ನು ಅಚ್ಚು ಹಾಕುತ್ತದೆ. 1990ರಲ್ಲಿ ಬಂದ ನಿಯಮ, ಈಗ 2009ರ ಕಾನೂನು ಮಾಪನ ಕಾಯ್ದೆ ಮತ್ತು 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುವುದಿಷ್ಟೆ: ಎಲ್ಲ ತೆರಿಗೆ ಸೇರಿಸಿ ಗರಿಷ್ಠ ದರ ಮುದ್ರಿಸಿರಬೇಕು, ಅಂಗಡಿಯವ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದು. ಗರಿಷ್ಠ ಎಂದರೆ ಅದಕ್ಕಿಂತ ಕಡಿಮೆಗೂ ಕೊಡಬಹುದು ಎಂದರ್ಥ. ನಮ್ಮ ಅಂಗಡಿಗಳಲ್ಲಿ ಅದೇ ಕನಿಷ್ಠವೂ ಆಗಿ ಕುಳಿತಿದೆ. ಇನ್ನು ಚೀಲದಿಂದ ತೂಗಿಕೊಡುವ ಅಕ್ಕಿಗೆ, ಬೆಲ್ಲಕ್ಕೆ, ಸಂತೆಯ ಬದನೆಕಾಯಿಗೆ ಎಂಆರ್‌ಪಿ ಎಂಬುದೇ ಇಲ್ಲ.

ಜೋಯಿಡಾ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ವರ್ಷದ ಹಿಂದೆ ನಾನು ಬಿಸ್ಕೀಟು ಮತ್ತು ಚಹಾಪುಡಿ ತೆಗೆದುಕೊಂಡೆ. ಎರಡಕ್ಕೂ ಅಚ್ಚಾದದ್ದಕ್ಕಿಂತ ಎರಡೆರಡು ರೂಪಾಯಿ ಹೆಚ್ಚು. ಅಂಗಡಿಯ ಮುಂದೆ ಬಾಗಿಲ ಪಟ್ಟಿಗೆ ಒರಗಿ ಒಬ್ಬ ಹುಡುಗ ತನ್ನ ಮುಷ್ಟಿಯ ಚಿಲ್ಲರೆಯನ್ನು ಎಣಿಸುತ್ತಿದ್ದ. ಆತ ಎರಡು ರೂಪಾಯಿಯನ್ನು ಮೊದಲೇ ಬೇರೆ ಇಟ್ಟುಕೊಂಡಿದ್ದುದನ್ನು ನೋಡಿ, ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಲೋ ಬೇಡವೋ ಎಂದು ತಡೆದೆ. ಕಡೆಗೆ ಕೇಳಿದೆ. ಅಂಗಡಿಯಾತ ಸಿಟ್ಟಾಗಲಿಲ್ಲ. “ಸರ್, ಕಂಪನಿ ಗಾಡಿ ದಾಂಡೇಲಿ ತನಕ ಬರ್ತದೆ. ಅಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ನಾನೇ ತರಬೇಕು. ಬಾಡಿಗೆ ಯಾರು ಕೊಡ್ತಾರೆ?” ಎಂದ.

ಕಾನೂನಿನ ಕಣ್ಣಿಗೆ ಆತ ತಪ್ಪಿತಸ್ಥ. ನಾನು ದೂರು ಕೊಡಬಹುದಿತ್ತು, ಕೊಡಲಿಲ್ಲ. ಕೊಟ್ಟಿದ್ದರೆ ಆ ಹಳ್ಳಿಗೆ ಇರುವ ಒಂದೇ ಅಂಗಡಿ ಬಾಗಿಲು ಹಾಕುತ್ತಿತ್ತು, ಆ ಹುಡುಗ ಚಹಾಪುಡಿಗಾಗಿ ದಾಂಡೇಲಿಯ ಬಸ್ಸು ಹಿಡಿಯಬೇಕಾಗುತ್ತಿತ್ತು. ಬೆಂಗಳೂರಿನ ಮಾಲ್‌ಗೂ ಕಾಳಿ ಕಣಿವೆಯ ಹಳ್ಳಿಗೂ ಒಂದೇ ಎಂಆರ್‌ಪಿ ಎನ್ನುವುದು ಸಮಾನತೆಯಂತೆ ಕಾಣುತ್ತದೆ. ಆದರೆ ಮಾಲ್‌ನವರಿಗೆ ಕಂಪನಿ ದೊಡ್ಡ ರಿಯಾಯಿತಿ ಕೊಟ್ಟು ಮಾಲನ್ನು ಬಾಗಿಲಿಗೆ ಮುಟ್ಟಿಸುತ್ತದೆ. ಇಲ್ಲಿಯವನಿಗೆ ಸಿಗುವ ಕಮಿಷನ್ನು ಬಸ್ಸಿನ ಲಗೇಜಿಗೇ ಸರಿಹೋಗುತ್ತದೆ. ಎಂಆರ್‌ಪಿ ಅಚ್ಚು ಹಾಕುವ ಕಂಪನಿ ಆ ದರಕ್ಕೆ ಮಾಲು ಹಳ್ಳಿಯವರೆಗೆ ತಲುಪುವಷ್ಟು ಕಮಿಷನ್ನು ಕೊಡಬೇಕು ಎಂಬ ನಿಯಮ ಬೇಕು. ಅದನ್ನು ಬಿಟ್ಟು ಕೊನೆಯ ಅಂಗಡಿಯವನ ಕೊರಳಿಗೆ ಹಗ್ಗ ಹಾಕುವುದು ನ್ಯಾಯವಲ್ಲ.

ವ್ಯಾಪಾರಿಗಳ ನಡುವೆ ಆದ ಮಾತಿಗೆ ನಮ್ಮ ದೇಶದಲ್ಲಿ ಬಲವಾದ ಕಾನೂನೇ ಇದೆ. ಮೊದಲು 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆ ಇತ್ತು. ಅದರ ಜಾಗಕ್ಕೆ 2002ರ ಸ್ಪರ್ಧಾ ಕಾಯ್ದೆ ಬಂತು, ಅದರ ಮುಖ್ಯ ಕಲಮುಗಳು 2009ರ ಮೇ ತಿಂಗಳಿಂದ ಜಾರಿಯಾದವು. ಒಂದೇ ಬಗೆಯ ವ್ಯಾಪಾರ ಮಾಡುವವರು ಕೂಡಿ ಕೊಳ್ಳುವ ಇಲ್ಲವೆ ಮಾರುವ ದರವನ್ನು ಗೊತ್ತುಮಾಡಿಕೊಂಡರೆ ಅದರಿಂದ ಸ್ಪರ್ಧೆಗೆ ಹಾನಿಯಾಗಿದೆ ಎಂದೇ ಹಿಡಿಯಬೇಕು, ಆಗಿಲ್ಲವೆಂದು ತೋರಿಸುವ ಹೊಣೆ ಅವರದು. ಒಪ್ಪಂದ ಕಾಗದದ ಮೇಲೆ ಇರಬೇಕೆಂದಿಲ್ಲ, ಬಾಯಿಮಾತಿನ ತಿಳುವಳಿಕೆಯೂ ಒಪ್ಪಂದವೇ. ಈ ಕಲಮನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಸಾವಕಾರರ ತಕ್ಕಡಿ ಕಣ್ಣಮುಂದೆ ಬಂತು. ದಂಡವೂ ದೊಡ್ಡದು: ಒಪ್ಪಂದ ನಡೆದ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ನೂರಕ್ಕೆ ಹತ್ತು, ಯಾವುದು ಹೆಚ್ಚೋ ಅದರವರೆಗೆ. ಕೂಟದೊಳಗಿನವನೇ ಮೊದಲು ಬಂದು ಒಪ್ಪಿಕೊಂಡು ಪುರಾವೆ ಕೊಟ್ಟರೆ ಅವನ ದಂಡ ಪೂರ್ತಿ ಮಾಫಿಯಾಗಬಹುದು.

2010ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿಯ ದರ ದೇಶವನ್ನು ಅಳಿಸಿದ್ದು ನಿಮಗೆ ನೆನಪಿದೆ. ಅದರ ನಂತರ, ಈ ಕಾಯ್ದೆಯನ್ನು ಜಾರಿಮಾಡುವ ಸ್ಪರ್ಧಾ ಆಯೋಗದ ಸಲುವಾಗಿ ಉಳ್ಳಾಗಡ್ಡಿ ಮಾರುಕಟ್ಟೆಯ ಅಧ್ಯಯನ ಮಾಡಿದವರು ನಮ್ಮ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯವರು. ಮಹಾರಾಷ್ಟ್ರ ಮತ್ತು ಕರ್ನಾಟಕದ ಮಾರುಕಟ್ಟೆಗಳನ್ನು ನೋಡಿ 2012ರಲ್ಲಿ ವರದಿ ಕೊಟ್ಟರು. ಕೆಲವೇ ದೊಡ್ಡ ವ್ಯಾಪಾರಿಗಳ ಕೈಯಲ್ಲಿ ಮಾರುಕಟ್ಟೆ ಇದೆ, ಅವರಲ್ಲಿ ಹಳೆಯ ನಂಟಿದೆ, ಹೊಸಬರಿಗೆ ಒಳಗೆ ಕಾಲಿಡುವುದು ಕಷ್ಟ ಎಂಬುದು ಅವರು ಕಂಡದ್ದು. ಬೆಳೆದವನಿಗೆ ಕಡಿಮೆ, ಕೊಂಡವನಿಗೆ ಹೆಚ್ಚು, ನಡುವಿನ ಮಾತು ಯಾರ ಕಿವಿಗೂ ಬೀಳದ್ದು.

ಬಿಯರ್ ಅಡುಗೆಮನೆಯ ಪದಾರ್ಥವಲ್ಲ, ಆದರೂ ಆ ಪ್ರಕರಣ ಹೇಳಲೇಬೇಕು. 2021ರ ಸೆಪ್ಟೆಂಬರಿನಲ್ಲಿ ಆಯೋಗ ದೊಡ್ಡ ಬಿಯರ್ ಕಂಪನಿಗಳ ಮೇಲೆ ಒಟ್ಟು 873 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಯರಿನ ದರಕ್ಕೆ ಹಲವು ರಾಜ್ಯಗಳಲ್ಲಿ ಸರ್ಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಮೊದಲೇ ಕಂಪನಿಗಳು ತಮ್ಮ ತಮ್ಮೊಳಗೆ ಎಷ್ಟು ಕೇಳಬೇಕೆಂದು ಮಾತಾಡಿಕೊಂಡಿದ್ದವು. ಸರ್ಕಾರ ದರ ಕಟ್ಟುತ್ತದೆ ಎಂದಾದರೆ ವ್ಯಾಪಾರಿಗಳು ಅರ್ಜಿ ಹಿಡಿದು ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಬಂದಲ್ಲಿ ಮಾತಾಗುತ್ತದೆ. ಒಂದು ನಿಗದಿ ಇನ್ನೊಂದು ನಿಗದಿಗೆ ತೊಟ್ಟಿಲು ಕಟ್ಟಿಕೊಡುತ್ತದೆ.

ಇಷ್ಟು ಬಲದ ಕಾನೂನು ಇದ್ದೂ ಹಳಿಯಾಳದ ಓಣಿಯ ಮಾತು ಅದಕ್ಕೆ ಕೇಳಿಸುವುದಿಲ್ಲ. ಆಯೋಗ ಇರುವುದು ದಿಲ್ಲಿಯಲ್ಲಿ. ಒಬ್ಬ ಸಾಮಾನ್ಯ ಮನುಷ್ಯ ಅಲ್ಲಿ ಮಾಹಿತಿ ಸಲ್ಲಿಸಲು ಕಟ್ಟಬೇಕಾದ ಶುಲ್ಕ 5,000 ರೂಪಾಯಿ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ನಿಜ. ಆದರೆ ಜೋಯಿಡಾದವರು ಅಣಶಿ ಘಟ್ಟ ಇಳಿದು ಕಾರವಾರ ಮುಟ್ಟಬೇಕು. ಮುಂಡಗೋಡಿನವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಹುಬ್ಬಳ್ಳಿಯೇ ಹತ್ತಿರ. ಬೇಳೆಯ ಮೇಲೆ ಮೂರು ರೂಪಾಯಿ ಹೆಚ್ಚು ಕೊಟ್ಟವಳು ಒಂದು ದಿನದ ಕೂಲಿ ಬಿಟ್ಟು ಎಲ್ಲಿಗೆ ಹೋದಾಳು?

ಒಂದು ಎಚ್ಚರಿಕೆಯ ಮಾತು ಹೇಳದೆ ಮುಂದೆ ಹೋದರೆ ಅಂಗಡಿಯವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಎಲ್ಲ ಅಂಗಡಿಗಳಲ್ಲಿ ಒಂದೇ ದರ ಇದ್ದ ಮಾತ್ರಕ್ಕೆ ಒಳಗಿಂದೊಳಗೆ ಮಾತಾಗಿದೆ ಎನ್ನಲಾಗದು. ನಮ್ಮ ಕಡೆಯ ಕಾಯಿಪಲ್ಲೆ ಹೆಚ್ಚಾಗಿ ಬರುವುದು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಸವಾಲಿನಿಂದ. ಎಲ್ಲರೂ ಅದೇ ಬೆಳಿಗ್ಗೆ ಅದೇ ಕಟ್ಟೆಯಲ್ಲಿ ಕೊಂಡರೆ ದರವೂ ಒಂದೇ ಆಗುತ್ತದೆ. ಪರೀಕ್ಷೆ ಮಾಡಬೇಕಾದದ್ದು ಇಳಿಯುವಾಗ. 2023ರ ಜುಲೈನಲ್ಲಿ ಟೊಮೆಟೊ ಕಿಲೋಕ್ಕೆ ನೂರು ದಾಟಿದಾಗ ನಾನು ದಿನಾ ಬರೆದಿಟ್ಟೆ. ಹುಬ್ಬಳ್ಳಿಯಲ್ಲಿ ಏರಿದ್ದು ನಮ್ಮ ಪೇಟೆಗೆ ಅದೇ ಸಂಜೆ ಮುಟ್ಟುತ್ತಿತ್ತು. ಮುಂದೆ ಅಲ್ಲಿ ಇಳಿದಾಗ ಇಲ್ಲಿ ಇಳಿಯಲು ದಿನಗಳೇ ಹಿಡಿದವು. ಏರಲು ರೆಕ್ಕೆ, ಇಳಿಯಲು ಕುಂಟು ಕಾಲು. ಆ ನಡುವಿನ ದಿನಗಳಲ್ಲಿಯೇ ಮಾತು ಅಡಗಿರುತ್ತದೆ, ಇಲ್ಲವೆ ಹಳೆಯ ಮಾಲು ತೀರಿಸುವ ಚಡಪಡಿಕೆ ಇರುತ್ತದೆ. ಯಾವುದು ಎಂದು ತಿಳಿಯಬೇಕಾದರೆ ಎರಡೂ ಕಡೆಯ ದರ ಜನರ ಕಣ್ಣಮುಂದೆ ಇರಬೇಕು.

ಆದ್ದರಿಂದ ನಾನು ಕೇಳುವುದು ಸಣ್ಣ ಕೆಲಸ. ದಾಂಡೇಲಿಯ ನಗರಸಭೆ, ಹಳಿಯಾಳದ ಪುರಸಭೆ, ಮುಂಡಗೋಡದ ಪಟ್ಟಣ ಪಂಚಾಯತಿ, ಜೋಯಿಡಾದ ಗ್ರಾಮ ಪಂಚಾಯತಿ ತಮ್ಮ ಸಂತೆಯ ಬಾಗಿಲಲ್ಲಿ ಒಂದೊಂದು ಕರಿಹಲಗೆ ನಿಲ್ಲಿಸಲಿ. ಆ ಬೆಳಗಿನ ಹುಬ್ಬಳ್ಳಿಯ ಸಗಟು ದರವನ್ನು ಹತ್ತು ಪದಾರ್ಥಗಳಿಗೆ ಬರೆಯಲಿ. ಕನ್ನಡದ ಜೊತೆ ಕೊಂಕಣಿ, ಮರಾಠಿಯಲ್ಲಿ ಹೆಸರು ಇರಲಿ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಲಿಪಿಯೂ ಇರಲಿ. ಯಾರಿಗೂ ಆದೇಶ ಬೇಡ, ದಂಡ ಬೇಡ. ಕೊಳ್ಳುವವಳಿಗೆ ಆ ಅಂಕಿ ಗೊತ್ತಿದೆ ಎಂಬುದು ಮಾರುವವನಿಗೆ ಗೊತ್ತಾದರೆ ಮಾತುಕತೆ ಬೇರೆ ರೀತಿ ನಡೆಯುತ್ತದೆ.

ಆಮೇಲೆ ಬೇಕಾದದ್ದು ಉದ್ರಿ ಸಿಗುವ ಎರಡನೆಯ ಬಾಗಿಲು. ಅವ್ವನಿಗೆ ಇಲ್ಲದೇ ಹೋದದ್ದು ಅದೇ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿತು, ಇಲ್ಲಿಂದ ದೂರವೇನಲ್ಲ. ಅದನ್ನು ಕಟ್ಟಿದ ಸಿದ್ದನಗೌಡ ಪಾಟೀಲರ ಕಾಲದ ರೈತನಿಗೆ ಇದ್ದ ಸಂಕಟವೂ ಸಾಲವೇ. ಸಾಲ ಒಂದೇ ಮನೆಯಲ್ಲಿ ಇದ್ದರೆ ಮಾಲಿನ ದರವನ್ನೂ ಆ ಮನೆಯೇ ಕಟ್ಟುತ್ತದೆ. ನಮ್ಮ ಹಳ್ಳಿಯ ಸೊಸೈಟಿಗಳು ಗೊಬ್ಬರ, ಬೆಳೆಸಾಲಕ್ಕೆ ನಿಲ್ಲದೆ ಅಕ್ಕಿ, ಬೇಳೆ, ಎಣ್ಣೆ ಇಟ್ಟು ಪಗಾರದವರಿಗೂ ಕೂಲಿಯವರಿಗೂ ಒಂದು ತಿಂಗಳ ಉದ್ರಿ ಕೊಡುವಂತಾದರೆ ಓಣಿಯ ಮೂರು ಅಂಗಡಿಗಳ ಮಾತು ತಾನೇ ಸಡಿಲವಾಗುತ್ತದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಸಾದಾ ಅಕ್ಕಿಯ ದರದ ಬಗ್ಗೆ ಬಡವರ ಮನೆಯಲ್ಲಿ ಇದ್ದ ಭಯ ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ. ಬೇಳೆಗೂ ಎಣ್ಣೆಗೂ ಅಂಥ ಬಾಗಿಲು ಬೇಕು. ಕೇಂದ್ರ ಸರ್ಕಾರ 2023ರಲ್ಲಿ ‘ಭಾರತ್’ ಹೆಸರಿನಲ್ಲಿ ಕಡಲೆಬೇಳೆಯನ್ನು ಕಿಲೋಕ್ಕೆ 60 ರೂಪಾಯಿಗೆ, 2024ರಲ್ಲಿ ಅಕ್ಕಿಯನ್ನು 29 ರೂಪಾಯಿಗೆ ಮಾರಲು ಹೊರಟಿತು. ನಮ್ಮ ಓಣಿಗೆ ಆ ಚೀಲ ಬಂದದ್ದನ್ನು ನಾನು ಕಾಣಲಿಲ್ಲ.

ಮಾರುವವರ ಮಾತಿನಷ್ಟೇ ಕೊಳ್ಳುವವರ ಮಾತೂ ಕೆಟ್ಟದ್ದು ಎಂದು ಕಾನೂನು ಹೇಳುತ್ತದೆ ಎಂದೆ. ಕೊಳ್ಳುವವರ ಆ ಮಾತಿಗೆ ಸಿಕ್ಕುವವರು ಬೆಳೆಗಾರರು. ಹಳಿಯಾಳದ ಕಬ್ಬಿಗೆ ಕೇಂದ್ರ ಸರ್ಕಾರ ನ್ಯಾಯಸಮ್ಮತ ದರ ಘೋಷಿಸುತ್ತದೆ, 2024-25ಕ್ಕೆ ಕ್ವಿಂಟಲಿಗೆ 340 ರೂಪಾಯಿ ಎಂದಿತ್ತು. ಅದು ಸಾಲದೆಂದು ರಸ್ತೆಗಿಳಿಯಲು ರೈತನಿಗೆ ಒಂದು ಅಂಕಿಯಾದರೂ ಇದೆ. ಜೋಯಿಡಾದ ಕುಣಬಿ ಹೆಂಗಸು ಬೆಳೆದ ಮುಡ್ಲಿ ಗೆಡ್ಡೆಗೆ ಯಾವ ಅಂಕಿಯೂ ಇಲ್ಲ. ಕೊಳ್ಳಲು ಬಂದ ಗಾಡಿಯವ ಹೇಳಿದ್ದೇ ದರ. ವರ್ಷಕ್ಕೊಮ್ಮೆ ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳದ ದಿನ ಮಾತ್ರ ಆಕೆಯ ಮುಂದೆ ಹತ್ತು ಜನ ಕೊಳ್ಳುವವರು ನಿಲ್ಲುತ್ತಾರೆ. ಅಲ್ಲಿ ಒಬ್ಬ ಅಜ್ಜಿ ಮೊಣಕಾಲೆತ್ತರದ ಗೆಡ್ಡೆಯನ್ನು ಮಗುವಿನಂತೆ ಎದೆಗೆ ಆನಿಸಿಕೊಂಡು, ಕೇಳಿದವರಿಗೆಲ್ಲ ಬೇರೆ ಬೇರೆ ದರ ಹೇಳಿ ಯಾರ ಮುಖ ಹೇಗಾಗುತ್ತದೆ ಎಂದು ನೋಡುತ್ತಿದ್ದಳು. ದರ ಕಟ್ಟುವ ಸುಖ ಆಕೆಗೆ ಅಂದು ಸಿಕ್ಕಿತ್ತು.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಹಳೆಯ ಉದ್ರಿ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಅಂಗಡಿ ನಡೆಸಿದ ಮನೆಯವರಾದರೆ ನಿಮ್ಮ ಕೀರ್ದಿ ವಹಿಗಳನ್ನೂ ಉಳಿಸಿ. ಈ ನಾಲ್ಕು ತಾಲೂಕುಗಳ ಅರ್ಧ ಶತಮಾನದ ದರವನ್ನು ತಿಂಗಳು ತಿಂಗಳಿಗೆ ಹೊಂದಿಸಿ ನೋಡುವ ಕೆಲಸಕ್ಕೆ ನಾನು ಕೈಹಾಕಿದ್ದೇನೆ. ಅವ್ವನ ಪುಸ್ತಕದಲ್ಲಿ 1974ರ ಶ್ರಾವಣದ ಎರಡು ಪುಟ ಗೆದ್ದಲು ತಿಂದಿದೆ. ಅದೇ ತಿಂಗಳ ಪುಸ್ತಕ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ, ನಾನೇ ಬಂದು ನಿಮ್ಮ ಪಡಸಾಲೆಯಲ್ಲಿ ಕುಳಿತು ಬರೆದುಕೊಂಡು ಹೋಗುತ್ತೇನೆ.